ಚೀಟಿ ಮಾವನೂ ಟೋಕನ್ ಮಷೀನೂ

ಎಲ್ಲ ಎಡವಟ್ಟಿಗೂ ಮೂಲ, ಆಸ್ಪತ್ರೆಯ ಬಾಗಿಲ ಬಳಿ ಬಂದು ಕೂತ ಆ ಟೋಕನ್ ಮಷೀನು. ಗುಂಡಿ ಒತ್ತಿದರೆ ನಂಬರಿನ ಟೋಕನ್ ಉದುರಿಸುವುದು, ಸರದಿ ಬಂದಾಗ ಗೋಡೆಯ ಬೋರ್ಡಿನಲ್ಲಿ ನಂಬರು ತೋರಿಸಿ ಹೆಣ್ಣುದನಿಯಲ್ಲಿ ಕೂಗುವುದು, ಇಷ್ಟೇ ಅದರ ಕೆಲಸ. ನಿನ್ನೆಯವರೆಗೆ ಆ ಕೆಲಸ ಮಾಡುತ್ತಿದ್ದವನು ಗುಮಾಸ್ತ ಚೀಟಿ ಮಾವ. ರೋಗಿಗಳಿಗೆ ಚೀಟಿ ಬರೆದುಕೊಟ್ಟು ಬರೆದುಕೊಟ್ಟು ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು.

"ನೋಡ್ರೀ, ಕಾಲ ಬದಲಾಗಿದೆ. ಈ ಬದಲಾವಣೆನ ನೀವೇ ಮುಂದೆ ನಿಂತು ನಡೆಸ್ಬೇಕು," ಎಂದರು ದೊಡ್ಡ ಡಾಕ್ಟರು ಬೆಳಿಗ್ಗೆ. "ಸಂಜೆ ಬಂದು ನೋಡ್ತೀನಿ. ಗಲಾಟೆ ಗಿಲಾಟೆ ಆಗಿದ್ರೆ ನಾಳೆಯಿಂದ ನಿಮಗೆ ರಾತ್ರಿ ಪಾಳಿ."

ಮಾವನ ಹೆಂಡತಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಇವನು ರಾತ್ರಿ ಪಾಳಿಗೆ ಬಿದ್ದರೆ ಗಂಡ ಹೆಂಡತಿ ಎದುರುಬದುರು ಕೂತು ಊಟ ಮಾಡುವ ಸುಖಕ್ಕೇ ಕಲ್ಲು. ಈ ವಯಸ್ಸಿನಲ್ಲೂ ಅವನಿಗೆ ಹೆಂಡತಿಯ ಜೊತೆ ಜಗಳವಾಡದೆ ನಿದ್ದೆ ಬರುತ್ತಿರಲಿಲ್ಲ. ಏನಾದರಾಗಲಿ, ಮಷೀನನ್ನು ಗೆಲ್ಲಿಸಿಯೇ ಸೈ ಎಂದುಕೊಂಡ.

ಮೊದಲು ಬಂದವರು ಮಂಡಿನೋವಿನ ಅಜ್ಜಿ. ಗುಂಡಿ ಒತ್ತಿದರು, ಟೋಕನ್ ಬಂತು. ಮತ್ತೆ ಒತ್ತಿದರು, ಮತ್ತೆ ಒತ್ತಿದರು.

"ಅಯ್ಯೋ ಅಜ್ಜಿ, ಒಬ್ರಿಗೆ ಒಂದೇ!" ಎಂದ ಮಾವ.

"ಮಂಡಿಗೊಂದು, ಕಣ್ಣಿಗೊಂದು, ಕೆಮ್ಮಿಗೊಂದು ಕಣಪ್ಪಾ. ಒಂದೇ ಟೋಕನ್ನಿಗೆ ಮೂರು ಕಾಯಿಲೆ ತೋರ್ಸಿದ್ರೆ ಡಾಕ್ಟ್ರು ಬೈಯಲ್ವಾ?"

ಹಿಂದಿದ್ದವರಿಗೆ ಇದು ನ್ಯಾಯವಾಗಿಯೇ ಕಂಡಿತು. ಎಲ್ಲರೂ ತಂತಮ್ಮ ಕಾಯಿಲೆಗಳನ್ನು ಬೆರಳು ಮಡಚಿ ಎಣಿಸತೊಡಗಿದರು. ಸಹಾಯ ಮಾಡುವ ಹುರುಪಿನಲ್ಲಿ ಬಾಗಿಲ ಕಾವಲುಗಾರ ಒಳಬಂದವರಿಗೆಲ್ಲ ಟೋಕನ್ ಕೊಟ್ಟ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಬಿಡಲಿಲ್ಲ. ಆ ಪುಣ್ಯಾತ್ಮ ತನ್ನ ನಂಬರು ಕೂಗಿದಾಗ ಎದ್ದು ಡಾಕ್ಟರ ಕೋಣೆಗೆ ಹೋಗಿ, ಕೆಮ್ಮಿನ ಔಷಧಿ ಬರೆಸಿಕೊಂಡು ಬಂದ.

"ಮಾವ, ನಿಧಾನ ಆಯ್ತು, ನಾನು ಸ್ವಲ್ಪ ಓಡಿಸ್ತೀನಿ," ಎಂದು ಔಷಧಿ ಕೊಡುವ ಕಾಂಪೌಂಡರ್ ಬಂದು ಟಕಟಕನೆ ಬೋರ್ಡಿನ ಗುಂಡಿ ಒತ್ತಿ ನಂಬರನ್ನು ಮುಂದಕ್ಕೆ ಓಡಿಸಿದ.

"ಅಯ್ಯಯ್ಯೋ, ನನ್ನ ಇಂಜೆಕ್ಷನ್ನಿನವರೆಲ್ಲ ತಪ್ಪಿಹೋದ್ರು!" ಎಂದು ನರ್ಸಕ್ಕ ಓಡಿಬಂದು ಅದನ್ನು ಹಿಂದಕ್ಕೆ ಓಡಿಸಿದಳು. ಮಷೀನು ಮಾತ್ರ ಒಂಚೂರೂ ಬೇಸರಿಸದೆ ಮುಂದಿನ ನಂಬರನ್ನೂ ಹಿಂದಿನ ನಂಬರನ್ನೂ ಒಂದೇ ಇಂಪಿನಲ್ಲಿ ಕೂಗಿತು. ಬಾಗಿಲಲ್ಲಿ ನಾಲ್ವರು ಒಟ್ಟಿಗೆ ಸಿಕ್ಕಿಕೊಂಡು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು.

ಮಧ್ಯಾಹ್ನದ ಹೊತ್ತಿಗೆ ಮಾವನಿಗೆ ತಲೆ ಕೆಟ್ಟು ಗೊಬ್ಬರವಾಯಿತು. ಹೋಗಿ ಪ್ಲಗ್ಗು ಕಿತ್ತೇಬಿಟ್ಟ. ಬೋರ್ಡು ಕಪ್ಪಾಯಿತು, ಹೆಣ್ಣುದನಿ ನಿಂತಿತು.

"ಎಲ್ರೂ ಕೂತ್ಕೊಳ್ಳಿ! ಯಾರ ಹಿಂದೆ ಯಾರು ಬಂದ್ರಿ, ಅಷ್ಟು ಹೇಳಿ ಸಾಕು!"

ಅದು ಎಲ್ಲರಿಗೂ ಗೊತ್ತಿತ್ತು. ಬಂದ ಕೂಡಲೇ "ಕೊನೆಯವರು ಯಾರು?" ಎಂದು ಕೇಳಿಟ್ಟುಕೊಳ್ಳುವುದು ಅಲ್ಲಿನವರಿಗೆ ರೂಢಿ. "ನಾನು ಕೆಮ್ಮಿನ ತಾತನ ಹಿಂದೆ," "ನನ್ನ ಹಿಂದೆ ಕೈ ಮುರಿದವ್ರು," ಎಂದು ಸರಪಳಿ ತಾನಾಗಿ ಬೆಸೆದುಕೊಂಡಿತು. ಮಾವ ಮೆಲುದನಿಯಲ್ಲಿ ಒಬ್ಬೊಬ್ಬರನ್ನೇ ಕರೆದ. ಸಂಜೆಯ ಹೊತ್ತಿಗೆ ಉಳಿದವರು ಐದಾರು ಜನ, ಅವರೂ ಬೆಂಚಿನ ಮೇಲೆ ಹಾಯಾಗಿ ಹರಟುತ್ತಿದ್ದರು.

ದೊಡ್ಡ ಡಾಕ್ಟರು ಬಂದವರೇ ಬೆರಗಾಗಿ ನಿಂತರು. "ಸಾಲಿಲ್ಲ, ಗಲಾಟೆ ಇಲ್ಲ! ಆದ್ರೆ ಬೋರ್ಡ್ ಯಾಕ್ರೀ ಕಪ್ಪಗಿದೆ?"

ಕಾಂಪೌಂಡರ್ ಮಧ್ಯೆ ಬಾಯಿ ಹಾಕಿದ. "ರೋಗಿಗಳ ಕಣ್ಣಿಗೆ ಬೆಳಕು ಹೊಡೀಬಾರ್ದು ಅಂತ ಸಾರ್. ಮಷೀನು ಒಳಗೊಳಗೇ ಕೆಲಸ ಮಾಡ್ತಿದೆ."

"ಹೌದು ಸಾರ್, ಎಲ್ಲಾ ಮಷೀನಿಂದೇ," ಎಂದ ಮಾವ, ಜೋತಾಡುತ್ತಿದ್ದ ವೈರನ್ನು ಕಾಲಲ್ಲಿ ಹಿಂದಕ್ಕೆ ತಳ್ಳುತ್ತ. "ನಾನು ಸುಮ್ನೆ ಪಕ್ಕದಲ್ಲಿ ನಿಂತಿದ್ದೆ ಅಷ್ಟೇ."

"ಭೇಷ್!" ದೊಡ್ಡ ಡಾಕ್ಟರು ಅವನ ಬೆನ್ನು ತಟ್ಟಿದರು. "ಎಲ್ಲಾ ಮಷೀನೇ ಮಾಡೋವಾಗ ನೀವ್ಯಾಕ್ರೀ ಇಲ್ಲಿ ಸುಮ್ನೆ ನಿಲ್ಬೇಕು? ರಾತ್ರಿ ಪಾಳಿಗೆ ಜನ ಸಾಲ್ತಿಲ್ಲ. ನಾಳೆಯಿಂದ ಅಲ್ಲಿಗೆ ಬನ್ನಿ."

ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪ್ಲಗ್ಗು ಕಿತ್ತಿದ್ದನ್ನು ಹೇಳಿದರೆ ಮಷೀನು ಸೋತಂತೆ, ರಾತ್ರಿ ಪಾಳಿ. ಹೇಳದಿದ್ದರೆ ಗೆದ್ದಂತೆ, ಆಗಲೂ ರಾತ್ರಿ ಪಾಳಿ.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ಏನ್ರೀ, ಏನಾಯ್ತು? ಮಷೀನು ಚೆನ್ನಾಗಿ ಕೆಲಸ ಮಾಡ್ತಾ?"

"ಪ್ಲಗ್ ಇಲ್ದೇನೇ ನನ್ನ ಸೀಟು ಕಿತ್ಕೊಳ್ತು ಕಣೇ," ಎಂದ ಮಾವ. "ಪ್ಲಗ್ ಹಾಕಿದ್ದಿದ್ರೆ ಇನ್ನೇನು ಮಾಡ್ತಿತ್ತೋ!"