ಹೊಟ್ಟೆಗೊಂದು ಬಾಲ

ಕಂಡವರನ್ನೆಲ್ಲ ಹೀಗೇ ಅಣಕಿಸುತ್ತಿದ್ದರೆ ಒಂದಲ್ಲ ಒಂದು ದಿನ ನಿನಗೆ ಬಾಲ ಬರುತ್ತದೆ ಎಂದು ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ಅಮ್ಮ ಹೇಳಿದ್ದಳು. ಬಂತು. ಆದರೆ ಬರಬೇಕಾದ ಕಡೆ ಬರದೆ ಹೊಟ್ಟೆಯ ಮೇಲೆ ಬಂತು. ಎರಡಡಿ ಉದ್ದ, ಶ್ಯಾವಿಗೆ ಎಳೆಯಷ್ಟು ಸಪೂರ, ನೀರಿನಷ್ಟು ತಿಳಿ. ಅದರ ಒಂದು ತುದಿ ಹೊಕ್ಕುಳಿನ ಪಕ್ಕ ಅಂಟುಪಟ್ಟಿಯ ಕೆಳಗಿಂದ ಚರ್ಮದೊಳಕ್ಕೆ ಹೋಗುತ್ತದೆ. ಇನ್ನೊಂದು ತುದಿ ಸೊಂಟಕ್ಕೆ ಸಿಕ್ಕಿಸಿದ ಇನ್ಸುಲಿನ್ ಪಂಪಿಗೆ. ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆಯವನಾದ ನನಗೆ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವುದನ್ನು ತಪ್ಪಿಸಿದ ಯಂತ್ರ ಅದು. ಹಾಕಿಸಿಕೊಂಡ ಮಾರನೆಯ ದಿನವೇ ಕೊಪ್ಪದ ಪೇಟೆಯಲ್ಲಿ ಎದೆಯುಬ್ಬಿಸಿ ಎರಡು ಸುತ್ತು ಹೊಡೆದೆ. "ಯಾವ ಕಂಪನಿ ಸೆಟ್ ಮಾರಾಯ? ನಮ್ಮನೆ ಹತ್ರ ರೇಂಜ್ ಸಿಗ್ತದಾ?" ಎಂದು ಕೇಳಿದವರಿಗೆಲ್ಲ, "ಇದು ಒಂದೇ ನಂಬರಿಗೆ ಹೋಗೋದು, ನನ್ನ ಹೊಟ್ಟೆಗೆ" ಎಂದೆ.

ಆದರೆ ಬಾಲ ಇರುವವರ ಕಷ್ಟ ಬಾಲ ಇಲ್ಲದವರಿಗೆ ತಿಳಿಯದು. ಲೋಕದಲ್ಲಿ ಎಷ್ಟೊಂದು ಚಿಲಕ, ಕೊಕ್ಕೆ, ಮೊಳೆಗಳಿವೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ಶೃಂಗೇರಿ ಬಸ್ಸಿನಲ್ಲಿ ಕಂಡಕ್ಟರು ಟಿಕೇಟು ಹರಿಯುತ್ತ ಮುಂದೆ ಹೋದರೆ, ಅವರ ಚೀಲದ ಬಕಲಿನ ಜೊತೆ ನನ್ನ ಕೊಳವೆಯೂ ಹೊರಟಿತು. ಮೂರು ದಿನಕ್ಕೊಮ್ಮೆ ಬದಲಿಸಬೇಕಾದದ್ದನ್ನು ದಿನಕ್ಕೊಂದರಂತೆ ಕಿತ್ತುಕೊಂಡೆ. ಕೊನೆಗೆ ನನ್ನ ಬುದ್ಧಿಗೆ ಉಡಿದಾರ ಹೊಳೆಯಿತು. ಹುಟ್ಟಿದಾಗಿನಿಂದ ಸೊಂಟದಲ್ಲಿ ದಂಡಕ್ಕೆ ಕೂತಿದ್ದಕ್ಕೆ ಒಂದು ಕೆಲಸವಾದರೂ ಆಗಲಿ ಎಂದು ಕೊಳವೆಯನ್ನು ಎಳೆದು ಅದಕ್ಕೆ ಬಿಗಿದೆ. ಹಿರೇಕೊಡಿಗೆಯಲ್ಲಿ ನೆಂಟರ ಮನೆ ಊಟ. ಚಕ್ಕಳಮಕ್ಕಳ ಹಾಕಿ ಕೂತೆ. ಉಡಿದಾರ ಕೆಳಗೆ ಜಾರಿತು, ಕೊಳವೆಯೂ ನನಗೆ ಗೊತ್ತಾಗದಂತೆ ಚರ್ಮದಿಂದ ಕಳಚಿ ಹಿಂದೆಯೇ ಹೋಯಿತು. ಬಡಿಸುವವರ ಗತ್ತನ್ನು ಪಕ್ಕದವನಿಗೆ ಅಣಕಿಸಿ ತೋರಿಸುತ್ತ ನಾನು ಮೂರು ಹೋಳಿಗೆ ತಿಂದೆ. ಪಂಪು ಅಷ್ಟಕ್ಕೂ ಸಾಲುವ ಇನ್ಸುಲಿನ್ನನ್ನು ನಿಷ್ಠೆಯಿಂದ ನನ್ನ ಬನಿಯನ್ನಿಗೆ ಕುಡಿಸಿತು. ಸಂಜೆ ನೋಡಿದರೆ ಸಕ್ಕರೆ ಅಳೆಯುವ ಮೀಟರು ಅಂಕಿ ತೋರಿಸುವುದನ್ನೇ ಬಿಟ್ಟು 'ಹೈ' ಎಂದಷ್ಟೇ ತೋರಿಸುತ್ತಿತ್ತು.

ಅಮ್ಮ ಪೆಟ್ಟಿಗೆ ತೆಗೆದು ನೋಡಿದಳು. "ಒಂದೇ ಒಂದು ಕೊಳವೆ ಉಳಿದಿರೋದು. ಪಾರ್ಸೆಲ್ ಬರೋಕೆ ಇನ್ನೂ ಮೂರು ದಿನ. ಇದನ್ನೂ ಕಿತ್ಕೊಂಡ್ಯೋ, ಪಂಪು ಕಪಾಟಿಗೆ, ನೀನು ಮತ್ತೆ ಸೂಜಿಗೆ. ಸ್ಟೇಜೂ ಇಲ್ಲ, ಎಂತದೂ ಇಲ್ಲ." ಎರಡೇ ದಿನದಲ್ಲಿ ನರಸಿಂಹರಾಜಪುರದ ಯುವಕ ಸಂಘದವರ ಸಮಾರಂಭದಲ್ಲಿ ನನ್ನ ಮಿಮಿಕ್ರಿ. ಅಲ್ಲಿಯವರೆಗೆ ಮೈಕು ಸರಿಮಾಡುವಷ್ಟು ಹೊತ್ತು ಜನರನ್ನು ಕೂರಿಸಲು ಮಾತ್ರ ನನ್ನನ್ನು ಸ್ಟೇಜು ಹತ್ತಿಸುತ್ತಿದ್ದರು. ಈ ಸಲ ಪೂರ್ತಿ ಮುಕ್ಕಾಲು ಗಂಟೆ ನನಗೊಬ್ಬನಿಗೇ.

ಬೇರೆ ದಾರಿ ಕಾಣದೆ ಕಮ್ಮರಡಿಯ ಟೈಲರ್ ಹಮೀದಣ್ಣನ ಅಂಗಡಿಗೆ ಹೋದೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಾಯಿ ತೆರೆಯದೆ ಮಾತಾಡುವ ಹಮೀದಣ್ಣನನ್ನು ನಾನು ಅರ್ಧ ಕಮ್ಮರಡಿಯ ಎದುರು ಅಣಕಿಸಿದವನು. ಅವನಿಗೂ ಅದು ಗೊತ್ತು. ಸೂಜಿ ಕಚ್ಚಿಕೊಂಡೇ ಕೊಳವೆಯನ್ನು ತಿರುಗಿಸಿ ನೋಡಿದ.

"ಎಷ್ಟು ಬಿಗಿ ಕಟ್ಟಿದ್ದೆ?"

"ಮೂರು ಗಂಟು."

"ಅದಕ್ಕೇ ಕಿತ್ತು ಬಂತು. ಬಿಗಿ ಹೊಲಿದ ಕಂಕುಳೇ ಮೊದ್ಲು ಹರಿಯೋದು ಮಾರಾಯ. ಸ್ವಲ್ಪ ಸಡಿಲ ಬಿಡು."

ಬನಿಯನ್ನಿನ ಒಳಗೆ ಪಂಪಿಗೊಂದು ಜೇಬು ಹೊಲಿದ. ಕೊಳವೆ ನುಸುಳಲು ಎರಡು ಪುಟ್ಟ ಕುಣಿಕೆ ಕೂರಿಸಿದ. ಚರ್ಮದ ಹತ್ತಿರ ಕೊಳವೆಯನ್ನು ಒಂದು ಸುತ್ತು ಸುತ್ತಿ ಅದರ ಮೇಲೆ ಪ್ಲಾಸ್ಟರು ಅಂಟಿಸಿದ. "ಯಾರಾದ್ರೂ ಎಳೆದ್ರೆ ಮೊದ್ಲು ಸುತ್ತು ಬಿಚ್ಲಿ, ಆಮೇಲೆ ಪ್ಲಾಸ್ಟರ್ ಏಳ್ಲಿ. ಹೊಟ್ಟೆ ತನಕ ಹೋಗ್ಬಾರ್ದು." ಆಗ ನೆನಪಾಯಿತು, ಡಾಕ್ಟರೂ ಇದನ್ನೇ ತೋರಿಸಿಕೊಟ್ಟಿದ್ದರು. ನಾನು ಆ ಹೊತ್ತಿನಲ್ಲಿ ಅವರು ಗಂಟಲು ಸರಿಮಾಡಿಕೊಳ್ಳುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದೆ.

ಸಮಾರಂಭಕ್ಕೆ ಅಮ್ಮನ ಜೊತೆ ಹಮೀದಣ್ಣನೂ ಬಂದು ಮುಂದಿನ ಸಾಲಿನಲ್ಲಿ ಕೂತ. ನನ್ನ ಬಾಯಲ್ಲಿ ಬಸ್ಸು ಗೇರು ಬದಲಿಸಿತು, ಕಂಡಕ್ಟರು ಸೀಟಿ ಹೊಡೆದರು, ಡಾಕ್ಟರು ಕೆಮ್ಮಿದರು. ಜನ ಬಿದ್ದು ಬಿದ್ದು ನಕ್ಕರು. ನನಗೆ ಅಮಲೇರಿತು. ಎದುರಿಗೇ ಹಮೀದಣ್ಣ ಕೂತಿರುವಾಗ ಬಿಡುವುದು ಹೇಗೆ? ತುಟಿಯಲ್ಲಿ ಇಲ್ಲದ ಸೂಜಿ ಕಚ್ಚಿಕೊಂಡು, "ಅಂಗಿ ಎತ್ತು ಮಾರಾಯ" ಎಂದು ನನಗೇ ಹೇಳಿಕೊಂಡು, ಸೊಂಟದ ಅಳತೆಗೆ ಟೇಪು ಹುಡುಕಿದೆ. ಬನಿಯನ್ನಿನ ಅಂಚಿನಲ್ಲಿ ಬೆರಳಿಗೆ ಸಪೂರದ್ದೊಂದು ಸಿಕ್ಕಿತು. ಹಮೀದಣ್ಣನ ಗತ್ತಿನಲ್ಲೇ ಸರಕ್ಕನೆ ಎಳೆದೆ. ಎಳೆದ ಮೇಲೆ, ನನ್ನ ಹತ್ತಿರ ಟೇಪು ಇಲ್ಲವೆಂಬುದು ನೆನಪಾಯಿತು.

ನಾನು ಕಲ್ಲಾಗಿ ನಿಂತೆ. ಅದೂ ನಟನೆಯೆಂದು ಜನ ಚಪ್ಪಾಳೆ ತಟ್ಟಿದರು. ಅಮ್ಮ ಎದ್ದು ನಿಂತಳು. ಹಿಂದಕ್ಕೆ ತಿರುಗಿ ಬನಿಯನ್ನಿನೊಳಗೆ ತಡಕಿದೆ. ಸುತ್ತು ಬಿಚ್ಚಿತ್ತು, ಪ್ಲಾಸ್ಟರು ಅರ್ಧ ಎದ್ದಿತ್ತು. ಹೊಕ್ಕುಳಿನ ಪಕ್ಕದ ತುದಿ ಮಾತ್ರ ಇದ್ದಲ್ಲೇ ಇತ್ತು. ಅಮ್ಮನ ಕಡೆ ತಲೆಯಾಡಿಸಿದೆ. ಅವಳು ಕೂತಳು.

ಕಾರ್ಯಕ್ರಮ ಮುಗಿದ ಮೇಲೆ ಹಮೀದಣ್ಣ ಹತ್ತಿರ ಬಂದ. "ಥೇಟ್ ನನ್ನ ಹಾಗೇ ಮಾಡ್ದೆ. ನಾನು ಗಿರಾಕಿ ಕರುಳು ಎಳೆಯೋದಿಲ್ಲ, ಅಷ್ಟೇ. ನಾಳೆ ಅಂಗಡಿಗೆ ಬಾ, ಇನ್ನೊಂದು ಜೇಬು ಹೊಲಿಬೇಕು."

"ಪಂಪು ಇರೋದು ಒಂದೇ ಅಲ್ವಾ ಹಮೀದಣ್ಣ?"

"ಪಂಪಿಗಲ್ಲ, ನಿನ್ನ ಕೈಗೆ."

"ಬಾಯಿಗೂ ಒಂದು ಹೊಲಿ ಹಮೀದಣ್ಣ" ಎಂದಳು ಅಮ್ಮ.

ಮೂರು ತಾಲ್ಲೂಕಿನ ಚಿಲಕಗಳನ್ನು ಬೈದುಕೊಂಡು ತಿರುಗಿದವನು ನಾನು. ಮರುದಿನ ಸುಮ್ಮನೆ ಹೋಗಿ ಕೈಯ ಅಳತೆ ಕೊಟ್ಟು ಬಂದೆ. ಬಾಯಿಯದ್ದನ್ನೂ ಕೇಳಿದ, ನಿನ್ನ ಟೇಪು ಸಾಲುವುದಿಲ್ಲ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ.