ಮಳೆ ಎಂಬ ಮಾತೆತ್ತದ ಎರಡು ದಿನ

ತನುಜಾಳಿಗೆ ಮಳೆಯ ಮೇಲೆ ಸಿಟ್ಟು ಬಂದಿತ್ತು. ಬಂದ ಮಳೆಯ ಮೇಲಾದರೆ ಯಾರಿಗಾದರೂ ಬಂದೀತು. ಇವಳ ಸಿಟ್ಟು ಬಾರದ ಮಳೆಯ ಮೇಲೆ. ಮೈಸೂರಿನಿಂದ ಗಂಡ ಮಲ್ಲೇಶನ ಹಿಂದೆ ಜಾವಳಿಯ ಈ ಕಾಫಿ ತೋಟಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟೂ ದಿನ ಒಂದು ಹನಿ ಬಿದ್ದಿರಲಿಲ್ಲ. ಆದರೆ ಮನೆಯಲ್ಲಿ ಬೇರೆ ಮಾತೂ ಇರಲಿಲ್ಲ. ಮಾವ ಚಂದ್ರಶೇಖರಪ್ಪನವರು ತಿಂಡಿಗೆ ಮುಂಚೆ ಆಕಾಶ ನೋಡುವರು, ತಿಂಡಿಯಾದ ಮೇಲೆ ಫೋನ್ ಹಿಡಿದು, "ನಿಮ್ ಕಡೆ ಬಂತಾ? ಎಷ್ಟು ಸೆಂಟು?" ಎಂದು ಊರೂರು ವಿಚಾರಿಸುವರು. (ಕಾಫಿಯವರಿಗೆ ನೂರು ಸೆಂಟು ಮಳೆಯೆಂದರೆ ಒಂದು ಇಂಚು. ತನುಜಾ ಮೊದಲ ವಾರ ಇದು ಜಮೀನು ಮಾರಾಟದ ಮಾತೆಂದುಕೊಂಡು ಗಾಬರಿಯಾಗಿದ್ದಳು.) ಮೊದಲ ಮಳೆ ಬೀಳದೆ ಕಾಫಿ ಹೂ ಬಿಡದು, ಕಾಫಿ ಹೂ ಬಿಡದೆ ಮಾವನವರು ನಗರು.

"ಎರಡೇ ದಿನ ರೀ," ಎಂದಳು ಗಂಡನಿಗೆ. "ಸಮುದ್ರದ ದಡದಲ್ಲಿ ಟೆಂಟು ಹಾಕಿ ಪುಟ್ಟಿಗೆ ಹಕ್ಕಿ ತೋರಿಸೋಣ. ನಮ್ ಸ್ಕೂಲಲ್ಲಿ ನೇಚರ್ ಕ್ಲಬ್ ಇತ್ತು. ಇವಳನ್ನ ನೋಡಿ, ಐದು ವರ್ಷಕ್ಕೇ ಮೋಡ ನೋಡಿ 'ಬರಲ್ಲ ಬಿಡು' ಅಂತಾಳೆ."

"ಹಕ್ಕಿ ಇಲ್ಲೇ ಬೇಕಾದಷ್ಟು ಇದಾವಲ್ಲೇ ಮಾರಾಯ್ತಿ. ಈಗ ಹೂಮಳೆ ಬರೋ ಟೈಮು..."

"ಅದೇ! ಆ ಮಾತು ಎರಡು ದಿನ ಎತ್ತಬಾರದು. ಯಾರಾದ್ರೂ 'ಮಳೆ' ಅಂದ್ರೆ ಆ ಗಳಿಗೆಗೇ ಜೀಪು ವಾಪಸ್; ಟ್ರಿಪ್ಪು ಕೆಡಿಸಿದ ಅಪವಾದ ಜೀವನಪೂರ್ತಿ ಅವರ ತಲೆ ಮೇಲೆ."

ಮಲ್ಲೇಶ ಮಗಳು ಪುಟ್ಟಿಯ ತಲೆ ಮುಟ್ಟಿ ಆಣೆಯಿಡಲು ಕೈ ಚಾಚಿದ. ತನುಜಾ ಮಗುವನ್ನು ಥಟ್ಟನೆ ಪಕ್ಕಕ್ಕೆಳೆದುಕೊಂಡಳು. (ಗಂಡನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ.)

ದಂಡಯಾತ್ರೆಯ ಸಿದ್ಧತೆ ಮೂರು ದಿನ ನಡೆಯಿತು. ಕುದಿಸಿ ಆರಿಸಿದ ನೀರು ಹದಿನೆಂಟು ಬಾಟ್ಲಿ, ಸೊಳ್ಳೆ ಪರದೆ, ಎರಡು ಥರ್ಮಾಮೀಟರು (ಒಂದು ಸುಳ್ಳು ಹೇಳಿದರೆ?), ಎರವಲು ತಂದ ಬೈನಾಕ್ಯುಲರು. ಮಗುವಿಗೆ ಸುಸ್ತಾದರೆ ಗ್ಲೂಕೋಸು ಬೇಕು. ಗ್ಲೂಕೋಸಿಗೆ ನೀರು ಇಂತಿಷ್ಟೇ ಎಂದು ಅಳೆಯಬೇಕು. ಜಗಲಿಯ ಕಿಟಕಿಯಲ್ಲಿ ಗೆರೆ ಗೆರೆಯ ಉದ್ದನೆಯ ಗಾಜಿನ ಗ್ಲಾಸೊಂದು ಧೂಳು ಹಿಡಿದು ಬೋರಲಾಗಿ ನಿಂತಿತ್ತು. ಅವಳು ಬಂದಾಗಿನಿಂದ ಅದನ್ನು ಯಾರೂ ಮುಟ್ಟಿದ್ದಿಲ್ಲ. ಮಲ್ಲೇಶನ ಬಿ.ಎಸ್ಸಿ. ಕಾಲದ ಪಳೆಯುಳಿಕೆ ಇರಬೇಕೆಂದು, ಸೋಪು ಹಾಕಿ ತೊಳೆದು ಟವೆಲಿನಲ್ಲಿ ಸುತ್ತಿಟ್ಟಳು.

ಕಳಸ ದಾಟಿ ಕುದುರೆಮುಖದ ಘಾಟಿಯಲ್ಲಿ ಪುಟ್ಟಿ ಮೂರು ತಿರುವಿಗೆ ಮೂರು ಸಲ ವಾಂತಿ ಮಾಡಿದಳು. ಎರಡೂ ಥರ್ಮಾಮೀಟರುಗಳು ಜ್ವರವಿಲ್ಲವೆಂದು ಒಮ್ಮತದಿಂದ ಸಾರಿದವು. ಮಧ್ಯಾಹ್ನದ ಹೊತ್ತಿಗೆ ಸಮುದ್ರ ಬಂತು. ಕಣದಲ್ಲಿ ಕಾಫಿ ಮುಚ್ಚುವ ಟಾರ್ಪಾಲನ್ನು ಮಲ್ಲೇಶ ಎರಡು ಗಾಳಿಮರಗಳ ನಡುವೆ ಕಟ್ಟಿದ. ಟೆಂಟು ಸಿದ್ಧವಾಯಿತು. ಒಳಗೆ ಕೂತರೆ ಮಾತ್ರ ತೋಟದ ಗೋಡೌನಿನಲ್ಲಿ ಕೂತ ವಾಸನೆ.

ತನುಜಾ ನಲವತ್ತು ಹಕ್ಕಿಗಳಿಗೆ ಗೆರೆ ಹಾಕಿದ ನೋಟ್‌ಬುಕ್ ತೆರೆದಳು. ಒಂದು, ಕಾಗೆ. ಎರಡು, ಹದ್ದು. ಮೂರನೆಯದು ಅಪೂರ್ವವಾಗಿತ್ತು: ದೂರದ ದೋಣಿಯ ಕೋಲಿನ ತುದಿಯಲ್ಲಿ ಕಡುಗೆಂಪು ಮೈ, ಒಂದೇ ಭಂಗಿ, ಒಂದೇ ಧ್ಯಾನ. ಅರ್ಧ ಗಂಟೆ ಪುಸ್ತಕ ತಿರುವಿ ಹಾಕಿದರೂ ಹೆಸರು ಸಿಗಲಿಲ್ಲ.

"ಅಮ್ಮಾ, ಅದು ಸ್ನಾನದ ಮಗ್ಗು," ಎಂದಳು ಪುಟ್ಟಿ, ಬರಿಗಣ್ಣಿನಲ್ಲಿ ನೋಡಿ.

ಅಷ್ಟರಲ್ಲಿ ಮಲ್ಲೇಶ, "ಬೆಂಕಿಪೊಟ್ಟಣ ತರ್ತೀನಿ," ಎಂದು ಎದ್ದ. ಅದು ಮೂರನೆಯ ಬೆಂಕಿಪೊಟ್ಟಣ. ಒಲೆ ಇನ್ನೂ ಹಚ್ಚಿರಲಿಲ್ಲ. ತನುಜಾಳಿಗೆ ಅನುಮಾನ ಬಂತು. ಪುಟ್ಟಿಗೆಂದು ಗ್ಲೂಕೋಸು ಕಲಸುತ್ತಿದ್ದವಳು ಆ ಗ್ಲಾಸನ್ನು ಕೈಯಲ್ಲಿ ಹಿಡಿದುಕೊಂಡೇ, ಮಗಳನ್ನೂ ಎಳೆದುಕೊಂಡು ಹಿಂದೆಯೇ ನಡೆದಳು. ಅಂಗಡಿಯ ಪಕ್ಕ ಎಸ್‌ಟಿಡಿ ಬೂತು. ಒಳಗಿನಿಂದ ಮಲ್ಲೇಶ ಬೆವರೊರೆಸಿಕೊಳ್ಳುತ್ತಾ ಹೊರಬಂದ. ಮುಖ ಮಾತ್ರ ಮದುವೆಯ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಬಂತಂತೆ ತನು!"

"ಏನು ಬಂತು? ಹೇಳಿ ನೋಡೋಣ."

ಮಲ್ಲೇಶ ತುಟಿ ಕಚ್ಚಿಕೊಂಡ. "ಅದು... ಮೇಲಿಂದ ಬರುತ್ತಲ್ಲ, ಅದು."

"ಹೆಸರು ಹೇಳಿ."

"ಹೇಳಲ್ಲ." ಅವನ ಮುಖ ಬಾಡಿತು. "ಸಂತೋಷ ಪಡೋ ಹಾಗೂ ಇಲ್ಲ. ಎಷ್ಟು ಬಂತು ಅಂತ ಯಾರಿಗೂ ಗೊತ್ತಿಲ್ಲ. ಅಳೆಯೋ ಗ್ಲಾಸೇ ಕಾಣೆ. ಬೇಸಿಗೇಲಿ ಮಂಗ ಒಡೆದಾವು ಅಂತ ಅಪ್ಪಾಜಿ ಒಳಗಿಟ್ಟಿರ್ತಾರೆ; ಹನಿ ಬೀಳೋ ಹೊತ್ತಿಗೆ ಅಂಗಳದ ಕಂಬಕ್ಕೆ ಸಿಕ್ಕಿಸೋದು. ಮೂವತ್ತೊಂದು ವರ್ಷದಿಂದ ಅಳತೆ ಬರೆಯೋ ಪುಸ್ತಕದಲ್ಲಿ ಒಂದು ದಿನ ತಪ್ಪಿಲ್ಲ. ಈಗ ಊಟ ಬಿಟ್ಟು ಕೂತಿದಾರೆ. ತೋಟದ ಲೆಕ್ಕ ಬರೆಯೋ ರೈಟರ್ ಬೆಳ್ಳಿಯಪ್ಪನೇ ಒಡೆದು ಬಚ್ಚಿಟ್ಟಿದಾನೆ ಅಂತ, ಪಾಪ ಅವನನ್ನ ಜಗಲೀಲಿ ನಿಲ್ಲಿಸ್ಕೊಂಡು ವಿಚಾರಣೆ."

ತನುಜಾಳ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. "ಎಂಥಾ... ಗ್ಲಾಸು?"

"ಉದ್ದಕ್ಕಿರುತ್ತೆ. ಗೆರೆ ಗೆರೆ."

"ಅಮ್ಮನ ಹತ್ರ ಇದೆ," ಎಂದಳು ಪುಟ್ಟಿ.

ತನುಜಾ ಸಮುದ್ರದ ಕಡೆ ನೋಡಿದಳು. ಸುಮ್ಮನಿದ್ದರೆ ಇನ್ನೂ ಒಂದೂವರೆ ದಿನ, ಮೂವತ್ತೆಂಟು ಹಕ್ಕಿ. ಆದರೆ ಜಗಲಿಯಲ್ಲಿ ತಲೆ ತಗ್ಗಿಸಿ ನಿಂತ ಬೆಳ್ಳಿಯಪ್ಪ ಕಣ್ಣಿಗೆ ಕಟ್ಟಿದ. ಗ್ಲಾಸನ್ನು ಮೆಲ್ಲಗೆ ಮುಂದೆ ತಂದಳು. ತಳದಲ್ಲಿ ಗ್ಲೂಕೋಸು, ಸರಿಯಾಗಿ ನಲವತ್ತು ಸೆಂಟು.

"ರೀ... ಇದು ಮಳೆ ಅಳೆಯೋದಾ?"

ಮಲ್ಲೇಶ ಗ್ಲಾಸು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಅವನ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು.

"ಅಂದೆ! ನೀನೇ ಅಂದೆ! ಪುಟ್ಟಿ, ಕೇಳಿಸ್ಕೊಂಡೆ ತಾನೆ? ಹತ್ತಿ, ಜೀಪು ಹತ್ತಿ!"

ಬೂತಿನಿಂದಲೇ ಮನೆಗೆ ಫೋನ್ ಮಾಡಿ ಅವಳು ತಪ್ಪೊಪ್ಪಿಕೊಂಡಳು. ಹದಿನೇಳು ಬಾಟ್ಲಿ ನೀರು ಹೋದ ದಾರಿಯಲ್ಲೇ ವಾಪಸ್ಸು ಬಂತು. ಗ್ಲಾಸು ತನುಜಾಳ ಮಡಿಲಲ್ಲಿ, ಮಗುವಿನ ಟವೆಲಿನಲ್ಲಿ. ಮಗು ಹಿಂದಿನ ಸೀಟಿನಲ್ಲಿ, ಟಾರ್ಪಾಲಿನ ಮೇಲೆ.

ದೀಪ ಹಚ್ಚುವ ಹೊತ್ತಿಗೆ ಮನೆ ತಲುಪಿದರು. ಒದ್ದೆ ಮಣ್ಣಿನ ವಾಸನೆ ಅಂಗಳದ ತುಂಬ. ಖುಲಾಸೆಯಾದ ಬೆಳ್ಳಿಯಪ್ಪ ಕಾಫಿ ಕುಡಿಯುತ್ತಿದ್ದ. ಮಾವನವರು ಗ್ಲಾಸನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು, ಒಳಗೆ ಮೂಸಿ ನೋಡಿದರು. ಬೈಯಲಿಲ್ಲ. "ಸಮುದ್ರ ಚೆನ್ನಾಗಿತ್ತೇನಮ್ಮಾ?" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ತನುಜಾಳಿಗೆ.

ಫೋನ್ ರಿಂಗಾಯಿತು. ಪಕ್ಕದ ತೋಟದ ಗುರುವಯ್ಯನವರ ದನಿ ರಿಸೀವರಿನಾಚೆಗೂ ಕೇಳಿಸುತ್ತಿತ್ತು: "ಏನ್ ಚಂದ್ರಶೇಖರಪ್ಪನೋರೆ, ನಮಗೆ ಎಂಬತ್ತೆರಡು! ನಿಮಗೆಷ್ಟು?"

ಮಾವನವರು ಒಂದು ಕೈಯಲ್ಲಿ ರಿಸೀವರನ್ನೂ ಇನ್ನೊಂದು ಕೈಯಲ್ಲಿ ಮಳೆಯ ಪುಸ್ತಕವನ್ನೂ ಸೊಸೆಯ ಮುಂದೆ ಚಾಚಿದರು. "ಬರೆದಿದೀನಿ, ಓದಿ ಹೇಳಮ್ಮ."

ಮೂವತ್ತೊಂದು ವರ್ಷದ ದುಂಡು ಅಕ್ಷರ. ತನುಜಾ ಗಂಟಲು ಸರಿಮಾಡಿಕೊಂಡು ಓದಿದಳು:

"ಮಳೆ: ಬಂತು. ಅಳತೆ: ಇಲ್ಲ. ಕಾರಣ: ಗ್ಲಾಸು ಸಮುದ್ರಕ್ಕೆ ಹಕ್ಕಿ ನೋಡಲು ಹೋಗಿದೆ."