ಗೆದ್ದರೆ ರಜೆ, ಸೋತರೆ ಬುಕ್ರಾ

ಆಟದ ಹುಚ್ಚು ಕೆಲವರಿಗೆ ಹುಟ್ಟುತ್ತಲೇ ಬರುತ್ತದೆ, ಕೆಲವರಿಗೆ ಹಾಸ್ಟೆಲಿನಲ್ಲಿ ಅಂಟಿಕೊಳ್ಳುತ್ತದೆ. ನನಗೆ ಅದು ರಜೆ ಅರ್ಜಿಯಿಂದ ಬಂತು. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯವೇ, ಆದರೆ ಮಸ್ಕತ್ತಿನಲ್ಲಿ ಹನ್ನೆರಡು ವರ್ಷ ದುಡಿದು ಬಂದವನಲ್ಲಿ ನಾಚಿಕೆ ಅಷ್ಟೇನೂ ಉಳಿದಿರುವುದಿಲ್ಲ. ಊರಿನಲ್ಲಿ ನಾನು ಆಡಿದ್ದು ಕಬಡ್ಡಿ, ಅದೂ ಒಂದೇ ಒಂದು ಸಲ. ಎದುರಿನವರು ಹಿಡಿದಾಗ ಲುಂಗಿ ಅವರ ಕೈಯಲ್ಲಿ ಉಳಿಯಿತು, ನಾನು ಮಾತ್ರ ಗೆರೆ ದಾಟಿ ಬಂದೆ. ಪಾಯಿಂಟೇನೋ ಸಿಕ್ಕಿತು, ಆದರೆ ಆಮೇಲೆ ನಾನು ಯಾವ ಮೈದಾನದ ಕಡೆಗೂ ತಲೆ ಹಾಕಿ ಮಲಗಲಿಲ್ಲ. ಅಂಥ ನಾನು ತೊಂಬತ್ತರ ದಶಕದ ಆರಂಭದಲ್ಲಿ ಒಂದು ಸೀಸನ್ನಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೂ ಗಂಟಲು ಹರಿಯುವಂತೆ ಕೂಗಿದ್ದೇನೆ. ಆ ಎರಡು ತಂಡಗಳ ಹುಡುಗರಲ್ಲಿ ಒಬ್ಬನಿಗಾದರೂ ನನ್ನ ಹೆಸರು ಗೊತ್ತಿತ್ತೆಂದು ನನಗನ್ನಿಸುವುದಿಲ್ಲ.

ವಾದಿ ಅದಾಯ್‌ನಲ್ಲಿ ಕಾರಿನ ಬಿಡಿಭಾಗ ಮಾರುವ ಕಂಪೆನಿಯೊಂದರಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದೆ. ನಮ್ಮ ಮ್ಯಾನೇಜರ್ ಹಮದ್ ಸಾಹೇಬರು ಅಲ್ಲಿಯವರೇ. ಆರಡಿ ಎತ್ತರದ ಆಸಾಮಿ, ಹರೆಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು, ಆಗಲೂ ತಮ್ಮ ಬಡಾವಣೆಯ ಕ್ಲಬ್ಬಿನ ತಂಡಕ್ಕೆ ಹಗಲೂ ರಾತ್ರಿ ತಲೆ ಕೆಡಿಸಿಕೊಳ್ಳುತ್ತಿದ್ದವರು. ಅದು ಸಾಲದೆಂಬಂತೆ ಅವರ ಒಡಹುಟ್ಟಿದ ತಮ್ಮ ಒಂದು ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಮನುಷ್ಯ ಒಳ್ಳೆಯವರು. ಈದ್ ಬಂದರೆ ನಮ್ಮ ಮನೆಗೂ ಒಂದು ಬೋಗುಣಿ ಹಲ್ವಾ ಕಳಿಸುತ್ತಿದ್ದರು. ಆದರೆ ನಮ್ಮೆಲ್ಲರ ಪಾಸ್‌ಪೋರ್ಟುಗಳು ಅವರ ಕೋಣೆಯ ಕಬ್ಬಿಣದ ಕಪಾಟಿನಲ್ಲಿದ್ದವು, ಕಪಾಟಿನ ಬೀಗದಕೈ ಅವರ ಜೇಬಿನಲ್ಲಿತ್ತು. ರಜೆ ಅರ್ಜಿಗೆ ಸಹಿ ಬಿದ್ದ ಹೊರತು ಕಪಾಟು ತೆರೆಯುತ್ತಿರಲಿಲ್ಲ. ಆ ಸಹಿ ಬೀಳುವುದಕ್ಕೂ ಹಿಂದಿನ ವಾರದ ಪಂದ್ಯಗಳಿಗೂ ಇದ್ದ ನಂಟನ್ನು ಕಂಡುಹಿಡಿದವನು ನನ್ನ ಪಕ್ಕದ ಮೇಜಿನ ವರ್ಗೀಸ್. ಕೋಟ್ಟಯಂ ಕಡೆಯವನು, ಲೆಕ್ಕಾಚಾರದ ಮನುಷ್ಯ. ಗುರುವಾರ ಸಂಜೆ ಬ್ಯಾಸ್ಕೆಟ್‌ಬಾಲ್, ಶುಕ್ರವಾರ ಇಳಿಹೊತ್ತಿಗೆ ಫುಟ್‌ಬಾಲ್, ಶನಿವಾರ ಬೆಳಿಗ್ಗೆ ಆಫೀಸು. ಎರಡೂ ಗೆದ್ದಿದ್ದರೆ ಅರ್ಜಿ ಓದದೆಯೇ ಸಹಿ. ಬ್ಯಾಸ್ಕೆಟ್‌ಬಾಲ್ ಮಾತ್ರ ಗೆದ್ದಿದ್ದರೆ ಕೂರಿಸಿ ಕಾವಾ, ಅಂದರೆ ಅಲ್ಲಿಯ ಕಾಫಿ, ಕುಡಿಸುತ್ತಿದ್ದರು, ಸಹಿ ಮಾತ್ರ ಇಲ್ಲ. ಬ್ಯಾಸ್ಕೆಟ್‌ಬಾಲ್ ಸೋತಿದ್ದರೆ ಕಾವಾವೂ ಇಲ್ಲ, ತಲೆಯೆತ್ತದೆ "ಬುಕ್ರಾ" ಅನ್ನುತ್ತಿದ್ದರು. ಬುಕ್ರಾ ಎಂದರೆ ನಾಳೆ. ಆ ನಾಳೆ ಬರುವಷ್ಟರಲ್ಲಿ ಮತ್ತೊಂದು ಪಂದ್ಯ ಬಂದಿರುತ್ತಿತ್ತು. ವರ್ಗೀಸನ ಅಮ್ಮನ ಕಣ್ಣಿನ ಆಪರೇಶನ್ ಯಾವನೋ ಹುಡುಗ ಪೆನಾಲ್ಟಿ ಕಿಕ್ಕನ್ನು ಕಂಬಕ್ಕೆ ಹೊಡೆದದ್ದರಿಂದ ಮೂರು ವಾರ ಮುಂದೆ ಹೋಗಿತ್ತು.

ಆ ವರ್ಷ ನನಗೆ ರಜೆ ಬೇಕೇ ಬೇಕಿತ್ತು. ಹೆಂಡತಿ ಜಲಜಳ ತಂಗಿಗೆ ಮೇ ತಿಂಗಳಲ್ಲಿ ಮದುವೆ ನಿಶ್ಚಯವಾಗಿತ್ತು. ಮಾವ ತೀರಿಕೊಂಡಿದ್ದರು, ಗಂಡುಮಕ್ಕಳಿಲ್ಲದ ಮನೆ, ನಾನು ಹಿರಿಯ ಅಳಿಯ. ಗಂಡಿನ ದಿಬ್ಬಣ ಬಂದಾಗ ಹಾಲ್‌ನ ಬಾಗಿಲಲ್ಲಿ ನಿಂತು ಎದುರುಗೊಂಡು, ಮದುಮಗನ ಕೈ ಹಿಡಿದು ಒಳಗೆ ಕರೆತರಬೇಕಾದವನು ನಾನೇ ಎಂದು ಅತ್ತೆ ಕಾಗದ ಬರೆದಿದ್ದರು. ಜಲಜ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದಳು. ಫೆಬ್ರವರಿಯಲ್ಲಿ ಕೊಟ್ಟ ಅರ್ಜಿ ಮಾರ್ಚ್ ಮುಗಿದರೂ ಸಾಹೇಬರ ಮೇಜಿನ ಮೇಲೇ ಇತ್ತು, ಏಕೆಂದರೆ ಎರಡೂ ತಂಡಗಳು ಹಟ ಹಿಡಿದವರಂತೆ ಸೋಲುತ್ತಿದ್ದವು.

"ಅವರು ಚೆಂಡು ಹಾಕ್ಲಿಕ್ಕೆ ಕಲಿಯುವ ತನಕ ನನ್ನ ತಂಗಿ ಮದುವೆಗೆ ಕಾಯ್ಬೇಕಾ? ನೀವೊಮ್ಮೆ ಹೋಗಿ ನೋಡಿ ಮಾರಾಯ್ರೆ, ಎಂತ ಆಡ್ತಾರೆ ಅಂತ" ಎಂದಳು ಜಲಜ.

ಹಾಗೆ ಹೋದೆ. ಸಿಮೆಂಟಿನ ಕೋರ್ಟು, ನಾಲ್ಕು ಕಂಬಗಳಿಗೆ ಕಟ್ಟಿದ ದೊಡ್ಡ ದೀಪಗಳು, ಪ್ಲಾಸ್ಟಿಕ್ ಕುರ್ಚಿಗಳು. ಏಪ್ರಿಲ್‌ನ ಸಂಜೆಯಾದರೂ ಕುರ್ಚಿ ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಷ್ಟು ಹೊತ್ತಿಗೆ ಯಾರು ಎಷ್ಟು ಮುಂದೆ ಎಂದು ತಿಳಿಯಲು ನನಗೆ ಮೂರು ಪಂದ್ಯ ಬೇಕಾದವು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದೆ, ಅದು ಯಾರ ಬುಟ್ಟಿ ಎಂದು ನೋಡುವ ಅಭ್ಯಾಸ ಆಮೇಲೆ ಬಂತು. ಫುಟ್‌ಬಾಲ್ ನನಗೆ ಹೆಚ್ಚು ಹಿಡಿಸಿತು. ಬೌಷರ್‌ನ ಬೋಳುಗುಡ್ಡದ ಬುಡದಲ್ಲಿ ಜಲ್ಲಿಮಣ್ಣಿನ ಮೈದಾನ, ಇಪ್ಪತ್ತೆರಡು ಮಂದಿ ಓಡಿದರೆ ಧೂಳೆದ್ದು ಯಾರೂ ಕಾಣುತ್ತಿರಲಿಲ್ಲ, ಆದ್ದರಿಂದ ತಪ್ಪು ತಂಡಕ್ಕೆ ಕೂಗಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡನೆಯ ವಾರ ಮಗಳು ಶ್ರುತಿಯನ್ನು ಕರೆದುಕೊಂಡು ಹೋದೆ. ಅವಳಿಗೆ ಒಂಬತ್ತು ವರ್ಷ, ವಾದಿ ಕಬೀರ್‌ನ ಶಾಲೆಯಲ್ಲಿ ಕಲಿಯುತ್ತಿದ್ದಳು. ನಾನು "ಔಟ್! ಔಟ್!" ಎಂದು ಕೂಗುತ್ತಿದ್ದಾಗ ಅಂಗಿಯ ತೋಳು ಹಿಡಿದೆಳೆದು, "ಡ್ಯಾಡಿ, ಪ್ಲೀಸ್, ಯು ಡೋಂಟ್ ಈವನ್ ನೋ ದ ರೂಲ್ಸ್" ಎಂದಳು. ಮುಂದಿನ ವಾರದಿಂದ ಅವಳಿಗೆ ತುಂಬ ಹೋಂವರ್ಕ್ ಇರತೊಡಗಿತು.

ಇಲ್ಲಿ ಅಭಿಮಾನಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನೊಬ್ಬನೇ ಅಲ್ಲಿ ಹೊಟ್ಟೆಪಾಡಿಗಾಗಿ ಕೂಗುವವನು ಎಂದು ತಿಳಿದಿದ್ದೆ. ಸುತ್ತ ನೋಡಿದರೆ ಅರ್ಧ ಗ್ಯಾಲರಿಯೇ ನಮ್ಮ ಜಾತಿಯದ್ದು. ಒಬ್ಬ ವೀಸಾ ನವೀಕರಣಕ್ಕಾಗಿ ಕೂಗುತ್ತಿದ್ದ, ಇನ್ನೊಬ್ಬ ತಮ್ಮನಿಗೊಂದು ಕೆಲಸಕ್ಕಾಗಿ. ತಮಗೆ ವೀಸಾ ಕೊಟ್ಟ ಧಣಿಗಳು, ಅಲ್ಲಿಯ ಮಾತಿನಲ್ಲಿ ಕಫೀಲರು, ಯಾವ ಸಾಲಿನಲ್ಲಿ ಕುಳಿತಿದ್ದಾರೆ ಎಂದು ಮೊದಲು ನೋಡಿ, ಅವರ ಕಿವಿಗೆ ಬೀಳುವಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು, ಅವರು ಈ ಕಡೆ ತಿರುಗಿದಾಗ ಮಾತ್ರ ಉತ್ಸಾಹ ಉಕ್ಕಿಸುವ ಕಲೆಯಲ್ಲಿ ಕೆಲವರು ಪಳಗಿದ್ದರು. ನಾನು ಅವರನ್ನು ಕಂಡು ಮನಸ್ಸಿನಲ್ಲೇ ಛೀ ಎಂದೆ, ಎಂದುಕೊಂಡೇ ನನ್ನ ಕುರ್ಚಿಯನ್ನೂ ಹಮದ್ ಸಾಹೇಬರ ಹಿಂದಿನ ಸಾಲಿಗೆ ಎಳೆದುಕೊಂಡೆ.

ನಾನು ಅವರ ಬೆನ್ನ ಹಿಂದೆ ಕುಳಿತ ಮೊದಲ ವಾರವೇ ಎರಡೂ ತಂಡ ಗೆದ್ದವು. ಶನಿವಾರ ಬೆಳಿಗ್ಗೆ ಸಾಹೇಬರು ನನ್ನನ್ನು ಕರೆಸಿ ಕಾವಾ ಕೊಟ್ಟರು, ಖರ್ಜೂರದ ತಟ್ಟೆ ಮುಂದಿಟ್ಟರು. ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಅಲ್ಲಿಯ ಹರಕು ಹಿಂದಿ, ಕನ್ನಡದಲ್ಲಿ ಬರೆಯುವಾಗ ಇಬ್ಬರೂ ಇದ್ದುದಕ್ಕಿಂತ ಸಭ್ಯರಾಗಿ ಕಾಣುತ್ತೇವೆ. ಅರ್ಜಿ ಅವರ ಕೈಯಲ್ಲೇ ಇತ್ತು, ಪೆನ್ನಿನ ಮುಚ್ಚಳವೂ ತೆರೆದಿತ್ತು. ಸುಮ್ಮನೆ ಕುಳಿತಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಮ್ಮನೆ ಕೂರುವ ಬಾಯಿ ನನ್ನದಲ್ಲ. ಸ್ವಲ್ಪ ಬೆಣ್ಣೆ ಹಚ್ಚೋಣವೆಂದು, "ಸಾಹೇಬರೇ, ನಮ್ಮೂರಲ್ಲಿ ಕಾಲ್ಗುಣ ಅಂತ ಒಂದಿದೆ. ಕೆಲವರು ಕಾಲಿಟ್ಟ ಕಡೆ ಒಳ್ಳೆಯದಾಗುತ್ತದೆ. ನಾನು ಹುಟ್ಟಿದ ವರ್ಷ ನಮ್ಮಪ್ಪನಿಗೆ ಪ್ರಮೋಶನ್ ಸಿಕ್ಕಿತ್ತು" ಎಂದೆ. ಅಪ್ಪನಿಗೆ ಆ ವರ್ಷ ಸಿಕ್ಕಿದ್ದು ವರ್ಗ ಮಾತ್ರ. ಸಾಹೇಬರು ಮೇಜಿನ ಮೇಲಿಂದ ಬಾಗಿ ನನ್ನ ಕಾಲುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ಸದಾ, ನೀನು ಹೋದರೆ ಟೀಮಿನ ಗತಿ? ಸೀಸನ್ ಮುಗಿಯಲಿ. ಖಲಾಸ್."

ಆಮೇಲಿನದು ಹೇಳಿದರೆ ಹೊಟ್ಟೆ ಉರಿಯುತ್ತದೆ. ಮುಂದಿನ ಮೂರು ವಾರ ಎರಡೂ ತಂಡ ಗೆಲ್ಲುತ್ತಲೇ ಹೋದವು. ಸಾಹೇಬರು ಆನಂದದಲ್ಲಿ ತೇಲುತ್ತ ಕೇಳಿದವರಿಗೆಲ್ಲ ಸಹಿ ಹಾಕಿದರು. ವರ್ಗೀಸ್ ಊರಿಗೆ ಹೊರಟ. ಪಾಕಿಸ್ತಾನದ ಡ್ರೈವರ್ ಹೊರಟ. ಕೇಳದೇ ಇದ್ದ ಟೈಪಿಸ್ಟನಿಗೂ ಹದಿನೈದು ದಿನ ಕೊಟ್ಟರು. ನನಗೆ ಮಾತ್ರ ಕ್ಲಬ್ಬಿನ ನೀಲಿ ಟೋಪಿ, ಮೊದಲ ಸಾಲಿನ ಕುರ್ಚಿ. ಕ್ಲಬ್ಬಿನ ಒಬ್ಬ ಹಿರಿಯರು ನನ್ನ ಚಪ್ಪಲಿ ಹಳೆಯದಾಗಿದೆಯೆಂದು ಮರುಗಿ ಹೊಸ ಜೊತೆ ತರಿಸಿಕೊಟ್ಟರು.

"ನಿಮಗೆ ಮಂಡೆ ಸಮ ಉಂಟಾ?" ಎಂದು ಕೇಳಿದಳು ಜಲಜ, ನಾನು ಕಾಲ್ಗುಣದ ಮಾತು ಒಪ್ಪಿಕೊಂಡ ದಿನ. "ನೀವು ಬಂದ ಮೇಲೆ ನಮ್ಮ ಮನೆಯಲ್ಲಿ ಎಂತ ಒಳ್ಳೆದಾಗಿದೆ ಅಂತ ಒಂದು ಹೇಳಿ. ಕಾಲ್ಗುಣ ಅಂತೆ! ಈಗ ಅದೇ ಕಾಲಲ್ಲಿ ಹೋಗಿ ಅವರನ್ನು ಸೋಲಿಸಿ ಬನ್ನಿ."

ಮದುವೆಗೆ ಉಳಿದದ್ದು ಹದಿನೇಳು ದಿನ. ಜಲಜ ಊರಿನ ದೈವಕ್ಕೆ ಹರಕೆ ಹೊತ್ತಳು, ಒಮಾನಿನ ಬ್ಯಾಸ್ಕೆಟ್‌ಬಾಲ್ ತಂಡವೊಂದು ಸೋಲಲಿ ಎಂದು. ಇಷ್ಟು ದೂರದ ಕೇಸು ದೈವದ ಬಳಿ ಹಿಂದೆಂದೂ ಬಂದಿರಲಾರದು. ನಾನೂ ಮನಸ್ಸು ಗಟ್ಟಿ ಮಾಡಿಕೊಂಡು, ಎಡಗಾಲು ಮುಂದಿಟ್ಟು ಕೋರ್ಟಿನ ಗೇಟು ದಾಟಿದೆ. ಪಂದ್ಯ ಕೊನೆಗೆ ಬಂದಾಗ ನಾವು ಎರಡು ಪಾಯಿಂಟು ಹಿಂದೆ, ಉಳಿದದ್ದು ಕೆಲವೇ ಸೆಕೆಂಡು. ನಮ್ಮ ಅತಿ ಎತ್ತರದ ಹುಡುಗನಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ಮೊದಲನೆಯದು ಬುಟ್ಟಿಗೆ ಬಿತ್ತು. ಎರಡನೆಯದಕ್ಕೆ ಅವನು ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು ಮೇಲೆತ್ತಿದ. ಇಡೀ ಗ್ಯಾಲರಿ ಉಸಿರು ಹಿಡಿದು ಕುಳಿತಿತ್ತು. ದೇವರಾಣೆಗೂ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ನಾದಿನಿಯ ನೆನಪಾಗಲಿಲ್ಲ, ಹೆಂಡತಿಯ ನೆನಪಾಗಲಿಲ್ಲ, ಕಪಾಟಿನಲ್ಲಿದ್ದ ಪಾಸ್‌ಪೋರ್ಟಿನ ನೆನಪೂ ಆಗಲಿಲ್ಲ. ಆ ಚೆಂಡು ಬುಟ್ಟಿಗೆ ಬೀಳಬೇಕು ಎಂಬುದೊಂದೇ ಆಸೆ. ಎದ್ದು ನಿಂತು, ಹೊಟ್ಟೆಯ ಆಳದಿಂದ, "ಹಾಕ್ ಮಾರಾಯಾ ಹಾಕ್!" ಎಂದು ಕಿರುಚಿದೆ. ಆ ಮೌನದಲ್ಲಿ ನನ್ನ ದನಿ ಕೋರ್ಟಿನ ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು. ಹುಡುಗ ಬೆಚ್ಚಿಬಿದ್ದ. ಚೆಂಡು ಬುಟ್ಟಿಯ ಬಳೆಗೆ ತಾಗಿ ಹೊರಗೆ ಹೋಯಿತು. ಒಂದು ಪಾಯಿಂಟಿನಿಂದ ಸೋತೆವು. ಹಮದ್ ಸಾಹೇಬರು ನಿಧಾನವಾಗಿ ತಿರುಗಿ ನನ್ನನ್ನೇ ನೋಡಿದರು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಜಲಜಳ ಮುಖ ಅರಳಿತು. "ಅಬ್ಬಾ, ಕೊನೆಗೂ ಒಂದು ಕೆಲಸ ಸಮ ಮಾಡಿದ್ರಿ. ಹುಷಾರಿದ್ದೀರಿ ನೀವು" ಎಂದಳು. ಮದುವೆಯಾಗಿ ಹನ್ನೊಂದು ವರ್ಷಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ. ನಾನು ಅದನ್ನು ತಿದ್ದಲು ಹೋಗಲಿಲ್ಲ. ಬೇಕೆಂದೇ ಕೂಗಿದ್ದೆಂದು ಅವಳು ಇವತ್ತಿಗೂ ನಂಬಿದ್ದಾಳೆ. ಅವಳು ದೇವರಿಗೆ ದೀಪ ಹಚ್ಚಿ ಪಾಯಸಕ್ಕೆ ಇಟ್ಟಳು. ನಾನು ನನ್ನ ಪಾಲಿನ ಪಾಯಸವನ್ನು ಶ್ರುತಿಯ ಕಡೆಗೆ ತಳ್ಳಿದೆ, ಕಣ್ಣು ಮುಚ್ಚಿದರೆ ಆ ಚೆಂಡು ಬಳೆಯ ಮೇಲೆ ಕುಣಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಸಾಹೇಬರು ಕಾವಾ ಕೊಡಲಿಲ್ಲ, ಬುಕ್ರಾ ಎಂದೂ ಹೇಳಲಿಲ್ಲ. ಕಪಾಟು ತೆರೆದು ನಮ್ಮ ಮನೆಯ ಮೂವರ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲೆ ತಳ್ಳಿದರು. ನಾನು ಕೇಳಿದ್ದು ಮೂರು ವಾರ, ಅವರು ಅರ್ಜಿಯನ್ನು ತಿದ್ದಿ ಆರು ವಾರ ಮಾಡಿ ಸಹಿ ಹಾಕಿದ್ದರು. "ಲೀಗಿನಲ್ಲಿ ಇನ್ನೂ ಎರಡು ಪಂದ್ಯ ಇದೆ. ಯಲ್ಲಾ, ಈ ಕಾಲುಗಳನ್ನು ಮೊದಲು ಇಲ್ಲಿಂದ ತೆಗೆದುಕೊಂಡು ಹೋಗು" ಎಂದರು. ಕೇಳಿದ್ದಕ್ಕಿಂತ ದುಪ್ಪಟ್ಟು ರಜೆ ಸಿಕ್ಕಿದವನು ಕುಣಿಯಬೇಕಿತ್ತು. ನಾನು ಸ್ಟೋರಿಗೆ ಹೋಗಿ ಬ್ರೇಕ್ ಲೈನರ್‌ಗಳ ಹಿಂದೆ ಕುಳಿತೆ. ನನಗೆ ನಿಜವಾಗಿಯೂ ಅವಮಾನವಾಗಿತ್ತು.

ಊರಿಗೆ ಬಂದೆವು. ಅತ್ತೆಗೆ ಜೀವ ಬಂತು. ಮದುವೆಯ ದಿನ ಬೆಳಿಗ್ಗೆ ಜರಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ, ಪನ್ನೀರ ದಾನಿ ಹಿಡಿದು ಹಾಲ್‌ನ ಬಾಗಿಲಲ್ಲಿ ನಿಂತೆ. ದಿಬ್ಬಣ ಬರಲು ಇನ್ನೂ ಅರ್ಧ ಗಂಟೆ ಇದೆ ಎಂದರು. ರಸ್ತೆಯ ಆಚೆ ಬದಿಯಲ್ಲಿ ಒಂದು ಐಎಸ್‌ಡಿ ಬೂತಿತ್ತು. ಮಸ್ಕತ್ತಿನಲ್ಲಿ ಹಿಂದಿನ ಎರಡು ಸಂಜೆ ಕೊನೆಯ ಪಂದ್ಯಗಳು ನಡೆದಿದ್ದವು, ಈಗ ಆಫೀಸು ತೆರೆದಿರುವ ಹೊತ್ತು. ಎರಡೇ ನಿಮಿಷ ಎಂದುಕೊಂಡು ಪನ್ನೀರ ದಾನಿಯನ್ನು ಅಡುಗೆಯ ಭಟ್ಟರ ಕೈಗೆ ಕೊಟ್ಟು ರಸ್ತೆ ದಾಟಿದೆ. ಲೈನು ಸಿಗಲು ಹತ್ತೊಂಬತ್ತು ಸಲ ನಂಬರು ತಿರುಗಿಸಬೇಕಾಯಿತು. ಹದಿಮೂರನೆಯ ಸಲಕ್ಕೆ ವಾಲಗದ ಸದ್ದು ಕೇಳಿತು, ಕಾರುಗಳ ಬಾಗಿಲು ಬಡಿದದ್ದೂ ಕೇಳಿತು. ಇನ್ನೊಂದೇ ಸಲ, ಇನ್ನೊಂದೇ ಸಲ ಎಂದು ತಿರುಗಿಸುತ್ತಲೇ ಇದ್ದೆ. ಕೊನೆಗೆ ಸಾಹೇಬರೇ ಫೋನೆತ್ತಿದರು. "ಸದಾ! ಗೆದ್ದೆವು! ಬ್ಯಾಸ್ಕೆಟ್‌ಬಾಲ್ ಕಪ್ಪೂ ನಮಗೆ, ತಮ್ಮನ ಕಾಲೇಜಿಗೂ ಕಪ್ಪು! ನೀನು ಅಲ್ಲೇ ಇರು, ಬೇಕಾದರೆ ಇನ್ನೂ ಒಂದು ತಿಂಗಳು ಇರು!" ನನ್ನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ಪಾಲು ಸಂತೋಷ, ನಾನಿಲ್ಲದೆ ಗೆದ್ದರಲ್ಲ ಎಂಬ ಉರಿ ಎಷ್ಟು ಪಾಲು ಎಂದು ನಾನು ಅಳೆದು ನೋಡಲಿಲ್ಲ.

ರಸ್ತೆ ದಾಟಿ ಬರುವಷ್ಟರಲ್ಲಿ ಮದುಮಗ ಒಳಗೆ ಹೋಗಿ ಕುಳಿತಾಗಿತ್ತು. ಆಲ್ಬಮ್ಮಿನಲ್ಲಿ ಈಗಲೂ ನೋಡಬಹುದು, ಅವನ ಕೈ ಹಿಡಿದು ನಗುನಗುತ್ತ ಕರೆತರುತ್ತಿರುವವರು ಅಡುಗೆಯ ಭಟ್ಟರು, ಅವರ ಹೆಗಲ ಮೇಲೆ ಶಾಲಿನ ಬದಲು ಸೌಟು ಒರೆಸುವ ಬೈರಾಸು. ಬಾಗಿಲಲ್ಲಿ ಜಲಜ ಒಬ್ಬಳೇ ನಿಂತಿದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ಕೇಳುವ ಮೊದಲೇ, ಹೇಳಬೇಕಾದ ಸುಳ್ಳುಗಳೆಲ್ಲ ನಾಲಗೆಯ ತುದಿಯಲ್ಲಿದ್ದರೂ, ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಜಲಜಾ, ನಾವು ಗೆದ್ದೆವು!"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. "ನಾವು ಅಂದ್ರೆ ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಂಗಿಯ ಧಾರೆಗೆ ಒಳಗೆ ಹೋದಳು.